ಪಾಸ್‌ಬುಕ್ ಅಮ್ಮನದು, ಫೋನ್ ನಂಬರ್ ಯಾರದು?

ಹೋದ ವರ್ಷ ನಮ್ಮ ಶಾಖೆಗೆ ಒಬ್ಬ ಅಜ್ಜಿ ಬಂದರು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ ನಮ್ಮದು. ಅಜ್ಜಿಯ ಹಳ್ಳಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಪಾಸ್‌ಬುಕ್ ತೆಗೆದು, "ಮೇಡಂ, ಗೃಹಲಕ್ಷ್ಮಿ ದುಡ್ಡು ಬಂದೈತಾ ನೋಡಿ" ಅಂದರು. ನಾಲ್ಕು ತಿಂಗಳಿಂದ ಎಂಟ್ರಿ ಹಾಕಿಸಿರಲಿಲ್ಲ. ಮೆಷಿನ್‌ಗೆ ಕೊಟ್ಟೆ. 2,000 ರೂಪಾಯಿ ಜಮಾ. ಅದರ ಕೆಳಗೇ ಯುಪಿಐ ಅಂತ ಬರೆದು 1,950 ರೂಪಾಯಿ ಖರ್ಚು, ಅದೇ ತಾರೀಕಿಗೆ. ಪುಟದ ಕೊನೆವರೆಗೂ ಹೀಗೇ.

"ಬಂದಿದೆ ಅಜ್ಜಿ, ಆದರೆ ಬಂದ ದಿನವೇ ಹೋಗಿದೆ."

"ನಾನು ಬ್ಯಾಂಕಿಗೇ ಬಂದಿಲ್ವಲ್ಲ ಮೇಡಂ, ಅದ್ಹೆಂಗೆ ಹೋಗ್ತದೆ?"

ಹತ್ತೊಂಬತ್ತು ವರ್ಷದಿಂದ ಕೌಂಟರಿನಲ್ಲಿ ಕೂತಿದ್ದೇನೆ. ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ದುಡ್ಡು ತೆಗೆಯಬೇಕಾದರೆ ಖಾತೆದಾರರು ಎದುರಿಗೆ ನಿಲ್ಲಬೇಕಿತ್ತು. ಓದು ಬಾರದವರಾದರೆ ಹೆಬ್ಬೆಟ್ಟು ಒತ್ತಬೇಕು, ಪಾಸ್‌ಬುಕ್ಕಿನ ಫೋಟೊ ನೋಡಿ ನಾವು ಮುಖ ನೋಡಬೇಕು. ಮಗ ಪಕ್ಕದಲ್ಲಿ ನಿಂತು ಅವಸರ ಮಾಡಿದರೂ ಕ್ಯಾಶಿಯರ್ ಒಂದು ಮಾತು ಕೇಳುತ್ತಿದ್ದರು: "ಅಮ್ಮಾ, ನಿಮಗೆ ಬೇಕಾ ದುಡ್ಡು?" ಅಷ್ಟು ಕೇಳಿದ್ದಕ್ಕೇ ಎಷ್ಟೋ ಸಲ ದುಡ್ಡು ಖಾತೆಯಲ್ಲೇ ಉಳಿದಿದ್ದನ್ನು ನೋಡಿದ್ದೇನೆ. ಈಗ ಬ್ಯಾಂಕು ಮುಖ ನೋಡುವುದಿಲ್ಲ, ಫೋನ್ ನಂಬರ್ ನೋಡುತ್ತದೆ.

ಯುಪಿಐ ಶುರುವಾಗಿದ್ದು 2016ರಲ್ಲಿ. ಅದು ಕೆಲಸ ಮಾಡುವ ರೀತಿ ಹೀಗೆ. ಫೋನಿಗೆ ಆ್ಯಪ್ ಹಾಕಿಕೊಂಡಾಗ ಅದು ತಾನಾಗಿಯೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಆ ಮೆಸೇಜು ಯಾವ ಸಿಮ್ಮಿನಿಂದ ಹೋಯಿತೋ, ಆ ನಂಬರಿಗೆ ಯಾವ ಯಾವ ಖಾತೆ ಜೋಡಿಸಿದೆ ಅಂತ ಬ್ಯಾಂಕ್ ನೋಡುತ್ತದೆ. ಖಾತೆ ಯಾರ ಹೆಸರಿನಲ್ಲಿದೆ, ಫೋನು ಯಾರ ಕೈಯಲ್ಲಿದೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಆಮೇಲೆ ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು–ವರ್ಷ, ಒಂದು ಓಟಿಪಿ. ಆ ಓಟಿಪಿಯೂ ಬರುವುದು ಅದೇ ನಂಬರಿಗೆ. ಪಿನ್ ಸಿದ್ಧ. ಅಮ್ಮನ ಕಾರ್ಡು ಬೀರುವಿನಲ್ಲಿದ್ದು, ಖಾತೆಯಲ್ಲಿ ಮಗನ ನಂಬರ್ ಇದ್ದರೆ, ಅಮ್ಮನಿಗೆ ಗೊತ್ತೇ ಆಗದ ಹಾಗೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಮಗನ ನಂಬರ್ ಅಲ್ಲಿಗೆ ಬಂದಿದ್ದು ಹೇಗೆ? ಇದರಲ್ಲಿ ನಮ್ಮ ಕೈವಾಡವೂ ಇದೆ, ಮುಚ್ಚಿಡುವುದಿಲ್ಲ. 2014ರಲ್ಲಿ ಜನಧನ್ ಖಾತೆ ಶುರುವಾದಾಗ ಶಾಲೆ ಜಗುಲಿಯ ಮೇಲೆ ಟೇಬಲ್ ಹಾಕಿಕೊಂಡು ಫಾರಂ ತುಂಬಿಸುತ್ತಿದ್ದೆವು. ಸಂಜೆಯೊಳಗೆ ಮುಗಿಸಬೇಕು, ಸಾಲು ರಸ್ತೆವರೆಗೂ. ಮೊಬೈಲ್ ನಂಬರ್ ಅಂದರೆ ಹೆಂಗಸರು ಪಕ್ಕಕ್ಕೆ ತಿರುಗಿ ನೋಡುವರು. ಗಂಡನದೋ, ಮಗನದೋ, ಭಾವನ ಮಗನದೋ, ಸಿಕ್ಕ ನಂಬರನ್ನು ಬರೆದುಕೊಂಡೆವು. ಆಗ ಅದು ಬರೀ ಮೆಸೇಜ್ ಬರುವ ವಿಳಾಸ. ಮುಂದೆ ಅದೇ ಬೀಗದ ಕೈ ಆಗುತ್ತದೆ ಅಂತ ನನಗಂತೂ ಹೊಳೆದಿರಲಿಲ್ಲ.

ಎಲ್ಲ ಮಕ್ಕಳೂ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಅಜ್ಜಿಯ ದುಡ್ಡಿನಲ್ಲಿ ಮಗ ಗ್ಯಾಸ್ ಸಿಲಿಂಡರ್ ತಂದಿರಬಹುದು, ಮೊಮ್ಮಗಳ ಫೀಸು ಕಟ್ಟಿರಬಹುದು. ಆದರೆ ದುಡ್ಡು ಬಂದ ಸುದ್ದಿ ಯಾರಿಗೆ ಮೊದಲು ಮುಟ್ಟುತ್ತದೋ, ಅದನ್ನು ಏನು ಮಾಡಬೇಕು ಅನ್ನುವುದೂ ಅವರದೇ ಆಗಿಬಿಡುತ್ತದೆ. ನಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಹೂವು ಮಾರುವವರೊಬ್ಬರಿದ್ದಾರೆ. ಬುಟ್ಟಿಯ ಪಕ್ಕ ಮಾತಾಡುವ ಪೆಟ್ಟಿಗೆ. "ನಲವತ್ತು ರೂಪಾಯಿ ಬಂದಿದೆ" ಅಂತ ದಿನವಿಡೀ ಕೂಗುತ್ತದೆ. ಆ ಕ್ಯೂಆರ್ ಕೋಡ್ ಇರುವುದು ಅಳಿಯನ ಖಾತೆಗೆ. ಮೊದಲು ಸಂಜೆ ಮನೆಗೆ ಹೋಗುವಾಗ ಸೊಂಟದ ಚೀಲದಲ್ಲಿ ಚಿಲ್ಲರೆ ಇರುತ್ತಿತ್ತು. ಈಗ ಹಾಲು ತರಬೇಕಾದರೂ ಅಳಿಯನನ್ನು ಕೇಳಬೇಕು ಅಂತ ಒಮ್ಮೆ ಹೇಳಿಕೊಂಡರು. ಇದು ನನ್ನನ್ನು ತುಂಬಾ ಕಾಡುತ್ತದೆ. ದುಡಿಮೆ ಅವರದು, ಕೂಗುವ ಪೆಟ್ಟಿಗೆಯೂ ಅವರ ಕಿವಿಯ ಪಕ್ಕದಲ್ಲೇ.

ಇನ್ನೊಂದು ತೊಂದರೆ ರೀಚಾರ್ಜಿನದು. ರೀಚಾರ್ಜ್ ಮಾಡಿಸದೆ ಬಿಟ್ಟ ನಂಬರ್ ಬಂದ್ ಆಗುತ್ತದೆ. ಕನಿಷ್ಠ 90 ದಿನ ಬಿಟ್ಟು ಕಂಪನಿಯವರು ಅದನ್ನು ಬೇರೆಯವರಿಗೆ ಕೊಡಬಹುದು. ಖಾತೆಯಲ್ಲಿ ಹಳೇ ನಂಬರೇ ಉಳಿದಿದ್ದರೆ ನಿಮ್ಮ ಮೆಸೇಜುಗಳು ಯಾರೋ ಗುರುತಿಲ್ಲದವರಿಗೆ ಹೋಗುತ್ತವೆ. ಅದಕ್ಕೇ ಸಿಮ್ ಬದಲಾಯಿಸಿದರೆ ಮೊದಲು ಬ್ಯಾಂಕಿಗೆ ಬನ್ನಿ.

ಸರಿಪಡಿಸುವುದು ಕಷ್ಟವೇನಲ್ಲ. ಖಾತೆ ಯಾರದೋ ಅವರೇ ಪಾಸ್‌ಬುಕ್, ಆಧಾರ್, ತಮ್ಮ ಫೋನು ಹಿಡಿದು ತಮ್ಮ ಶಾಖೆಗೆ ಬರಬೇಕು. ನಂಬರ್ ಬದಲಾವಣೆಯ ಫಾರಂ ಕೇಳಿ. ಓದಲು ಬರದಿದ್ದರೆ ನಮ್ಮಲ್ಲೇ ತುಂಬಿಸಿಕೊಡುತ್ತಾರೆ, ಸಂಕೋಚ ಬೇಡ. "ಈ ಖಾತೆಯಲ್ಲಿ ಮೊದಲೇ ಯುಪಿಐ ಮಾಡಿದ್ದರೆ ಅದನ್ನೂ ನಿಲ್ಲಿಸಿ" ಅಂತ ಬಾಯಿಬಿಟ್ಟು ಹೇಳಿ. ಹಳೇ ಕಾರ್ಡ್ ಬೇರೆಯವರ ಕೈಯಲ್ಲಿದ್ದರೆ ಬ್ಲಾಕ್ ಮಾಡಿಸಿ. ಆಧಾರ್‌ನಲ್ಲಿರುವ ನಂಬರೇ ಬೇರೆ, ಬ್ಯಾಂಕಿನಲ್ಲಿರುವ ನಂಬರೇ ಬೇರೆ. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗುವುದಿಲ್ಲ, ಆಧಾರ್‌ನಲ್ಲೂ ಬೇರೆಯಾಗಿ ಬದಲಿಸಿಕೊಳ್ಳಬೇಕು. ಎರಡು ಮೂರು ಖಾತೆ ಇದ್ದವರು ಇನ್ನೊಂದು ನೆನಪಿಡಿ: ಆಧಾರ್ ಮೂಲಕ ಬರುವ ಸರ್ಕಾರದ ದುಡ್ಡು, ಕೊನೆಗೆ ಯಾವ ಖಾತೆಯನ್ನು ಅದಕ್ಕೆ ಜೋಡಿಸಿದ್ದೀರೋ ಅಲ್ಲಿಗೇ ಬೀಳುತ್ತದೆ. "ದುಡ್ಡೇ ಬಂದಿಲ್ಲ" ಅಂತ ಬರುವವರಲ್ಲಿ ಎಷ್ಟೋ ಜನರ ದುಡ್ಡು ಮರೆತುಹೋದ ಇನ್ನೊಂದು ಬ್ಯಾಂಕಿನಲ್ಲಿ ಕೂತಿರುತ್ತದೆ.

ಸ್ಮಾರ್ಟ್‌ಫೋನ್ ಬೇಕೇ ಬೇಕು ಅಂತಿಲ್ಲ. ಮೆಸೇಜ್ ಬರುವುದಕ್ಕೆ ಬಟನ್ ಫೋನ್ ಸಾಕು. ಅದರಲ್ಲೇ ದುಡ್ಡು ಕಳಿಸಬೇಕು ಅನ್ನುವವರಿಗೆ 2022ರಿಂದ ಯುಪಿಐ 123ಪೇ ಇದೆ.

ಅಜ್ಜಿಗೆ ಅವತ್ತು ಇಷ್ಟನ್ನೂ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. "ಮಗನಿಗೆ ಬೇಜಾರಾಗ್ತದೆ" ಅಂತ ಹೇಳಿ ಎದ್ದು ಹೋದರು. ಅವರ ಕಷ್ಟ ನನಗೆ ಅರ್ಥವಾಯಿತು. ಒಂದೇ ಒಲೆಯ ಊಟ ಮಾಡುವವರು, ನಂಬರ್ ಬದಲಿಸಿದರೆ ಮಗನನ್ನು ನಂಬಲಿಲ್ಲ ಅಂತ ಆಗುತ್ತದಲ್ವಾ?

ಎರಡು ವಾರ ಬಿಟ್ಟು ಮತ್ತೆ ಬಂದರು, ಜೊತೆಗೆ ಕಾಲೇಜು ಓದುವ ಮೊಮ್ಮಗಳು. ಎಲೆ ಅಡಿಕೆ ಚೀಲದಿಂದ ಹೊಸ ಬಟನ್ ಫೋನ್ ತೆಗೆದರು. ಫಾರಂ ತುಂಬಿದೆವು, ಹೆಬ್ಬೆಟ್ಟು ಒತ್ತಿದರು. ನಂಬರ್ ಬದಲಾದ ಮೆಸೇಜು ಬಂದಾಗ ಫೋನ್ ಗುರ್ ಅಂತ ನಡುಗಿತು, ಅಜ್ಜಿ ಬೆಚ್ಚಿಬಿದ್ದರು.

ಮುಂದಿನ ತಿಂಗಳು ಫೋನ್ ಮುಂದೆ ಹಿಡಿದು, "ಇದರಲ್ಲಿ ಏನು ಬರ್ದೈತೆ ಓದಿ" ಅಂದರು. 2,000 ರೂಪಾಯಿ ಜಮಾ ಆಗಿತ್ತು. ತೆಗೀತೀರಾ ಅಂತ ಚಲನ್ ಹರಿದೆ.

"ಬ್ಯಾಡ ಬಿಡಿ, ಇರ್ಲಿ. ಬೇಕಾದಾಗ ಬತ್ತೀನಿ" ಅಂದರು.