ಪ್ರಾರ್ಥನೆ ಮಾಡಿ ಎದ್ದ ಮೇಲೂ ಸಿಟ್ಟು ಬರುತ್ತದೆ, ಏನು ಮಾಡಲಿ?

ಪ್ರಶ್ನೆ: ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡುತ್ತೇನೆ. ಬೈಬಲಿನ ಒಂದು ಅಧ್ಯಾಯ ಓದುತ್ತೇನೆ. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಆದರೂ ಮನೆಯವರ ಮೇಲೆ ರೇಗುವುದು ನಿಂತಿಲ್ಲ. ಪ್ರಾರ್ಥನೆ ಮುಗಿಸಿ ಎದ್ದು ಅರ್ಧ ಗಂಟೆಯೊಳಗೆ ಯಾರ ಮೇಲಾದರೂ ಕೂಗಾಡಿರುತ್ತೇನೆ. ನನ್ನ ಪ್ರಾರ್ಥನೆಯಲ್ಲಿ ಕೊರತೆ ಇದೆಯಾ, ಇಲ್ಲಾ ನಂಬಿಕೆಯಲ್ಲೇ ಕೊರತೆಯಾ?

ಉತ್ತರ: ಮನೆಕೂಟ ಮುಗಿದು ಎಲ್ಲರೂ ಚಹಾ ಕುಡಿಯುವಾಗ, ಯಾರಾದರೂ ಒಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುವ ಪ್ರಶ್ನೆ ಇದು. ಬಹಳ ಸಲ ಕೇಳಿಸಿಕೊಂಡಿದ್ದೇನೆ. ನಾನೂ ಕೇಳಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ನಂಬಿಕೆ ಸುಳ್ಳಲ್ಲ. ಸುಳ್ಳಾಗಿದ್ದರೆ ಈ ಪ್ರಶ್ನೆ ನಿಮ್ಮನ್ನು ಹೀಗೆ ಕಾಡುತ್ತಿರಲಿಲ್ಲ. ನನಗೆ ಕಾಣುವ ತೊಂದರೆ ಬೇರೆ. ಓದುವುದು ಒಂದು ಕಡೆ, ಬೇಡುವುದು ಇನ್ನೊಂದು ಕಡೆ, ಮನೆಯವರ ಜೊತೆ ಬದುಕುವುದು ಮತ್ತೊಂದು ಕಡೆ. ಮೂರೂ ನಡೆಯುತ್ತಿವೆ, ಆದರೆ ಒಂದನ್ನೊಂದು ಮುಟ್ಟುತ್ತಿಲ್ಲ.

ನನ್ನ ಮನೆಯದೇ ಒಂದು ಬೆಳಿಗ್ಗೆ ಹೇಳುತ್ತೇನೆ. ಆರೂವರೆ ಆಗಿತ್ತು. ಬಾಗಿಲು ಓರೆ ಮಾಡಿಕೊಂಡು ಬೈಬಲ್ ಓದುತ್ತಾ ಕೂತಿದ್ದೆ. ಪಕ್ಕದ ಕೋಣೆಯಿಂದ ಅಮ್ಮ ಬಿಸಿನೀರು ಕೇಳಿದರು. ಅವರಿಗೆ ಮಂಡಿನೋವು, ಬೆಳಿಗ್ಗೆ ಜಾಸ್ತಿ. ಎರಡನೇ ಸಲ ಕೇಳಿದರು. ಮೂರನೇ ಸಲಕ್ಕೆ ನಾನು ಕಿರುಚಿದೆ, "ಪ್ರಾರ್ಥನೆಗೆ ಕೂತಿದ್ದೀನಲ್ಲ, ಕಾಣಲ್ವಾ?" ಆಮೇಲೆ ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗುವ ಸದ್ದು ಕೇಳಿಸಿತು. ಸ್ಟೀಲ್ ಲೋಟ ನೆಲಕ್ಕೆ ಬಿತ್ತು. ನನ್ನ ತೊಡೆಯ ಮೇಲೆ ತೆರೆದಿದ್ದದ್ದು ಯಾಕೋಬನ ಪತ್ರಿಕೆಯ ಮೊದಲನೇ ಅಧ್ಯಾಯ. ಕೇಳುವುದರಲ್ಲಿ ಚುರುಕಾಗಿರಿ, ಮಾತಾಡುವುದರಲ್ಲಿ ನಿಧಾನವಾಗಿರಿ, ಸಿಟ್ಟು ಮಾಡುವುದರಲ್ಲೂ ನಿಧಾನವಾಗಿರಿ ಎಂಬ ಮಾತು ಇರುವ ಅಧ್ಯಾಯ ಅದು. ಆ ಸಾಲನ್ನು ಎರಡು ನಿಮಿಷದ ಹಿಂದಷ್ಟೇ ದಾಟಿ ಬಂದಿದ್ದೆ. ಅಲ್ಲೇ ನಾಲ್ಕು ವಚನ ಕೆಳಗೆ, ವಾಕ್ಯ ಕೇಳಿ ಅದರಂತೆ ನಡೆಯದವನನ್ನು ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ ತಾನು ಹೇಗಿದ್ದೆ ಎಂದು ಮರೆತುಬಿಡುವವನಿಗೆ ಹೋಲಿಸಿದೆ. ನನಗೆ ಕನ್ನಡಿಯಿಂದ ದೂರ ಹೋಗುವಷ್ಟು ಸಮಯವೂ ಬೇಕಾಗಲಿಲ್ಲ.

ಅವತ್ತು ನಾನು ದೇವರಿಗಾಗಿ ಇಟ್ಟ ಸಮಯವನ್ನು ಅಮ್ಮ ಕೆಡಿಸಿದರು ಎಂದುಕೊಂಡಿದ್ದೆ. ಯೇಸು ಇದನ್ನು ತಿರುಗಿಸಿಯೇ ಹೇಳುತ್ತಾನೆ. ಮತ್ತಾಯ 5ರಲ್ಲಿ, ನೀನು ಕಾಣಿಕೆಯನ್ನು ಬಲಿಪೀಠದ ಹತ್ತಿರ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಹೋಗಿ ಅವನ ಜೊತೆ ಒಂದಾಗು, ಆಮೇಲೆ ಬಾ ಎನ್ನುತ್ತಾನೆ. ಸರಿಯಾಗಿ ನೋಡಿ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಎಂದು. ಇನ್ನೂ ಒಂದು ವಿಷಯ ಇದೆ. ಈ ಮಾತು ಹೇಳಿದ್ದು ಗಲಿಲಾಯದ ಬೆಟ್ಟದ ಮೇಲೆ. ಬಲಿಪೀಠ ಇದ್ದದ್ದು ಯೆರೂಸಲೇಮಿನಲ್ಲಿ. ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಆಗಿನ ಕಾಲಕ್ಕೆ ಕೆಲವು ದಿನಗಳ ನಡಿಗೆ. ಅಷ್ಟು ದೂರ ನಡೆದು ಬಂದವನಿಗೆ, ಬಲಿಪೀಠದ ಮುಂದೆ ನಿಂತವನಿಗೆ, ವಾಪಸ್ ಊರಿಗೆ ಹೋಗಿ ರಾಜಿಯಾಗಿ ಬಾ ಎನ್ನುತ್ತಿದ್ದಾನೆ! ನನಗೆ ಪಕ್ಕದ ಕೋಣೆಗೆ ಹೋಗಲು ಕಷ್ಟವಾಗಿತ್ತು.

ಹಾಗಾದರೆ ಮುಂಜಾನೆಯ ಪ್ರಾರ್ಥನೆ ಬಿಟ್ಟುಬಿಡಬೇಕಾ? ಬೇಡ. ಅದರೊಳಗೆ ಮನೆಯವರನ್ನು ಕರೆದುಕೊಳ್ಳಬೇಕು. ಯೇಸು ಕಲಿಸಿದ ಪ್ರಾರ್ಥನೆಯನ್ನೇ ನೋಡಿ. ನಮ್ಮ ತಂದೆಯೇ, ನಮ್ಮ ಆಹಾರ, ನಮ್ಮ ತಪ್ಪು. ಮೊದಲಿಂದ ಕೊನೆವರೆಗೆ "ನಮ್ಮ". "ನನ್ನ" ಎಂಬ ಮಾತು ಅದರಲ್ಲಿ ಒಂದು ಸಲವೂ ಇಲ್ಲ. ಒಬ್ಬರೇ ಕದ ಹಾಕಿಕೊಂಡು ಹೇಳಿದರೂ ಹಾಗೇ. ಅಂದರೆ ನಾನು ಯಾರ ಮೇಲೆ ರೇಗಿದೆನೋ ಅವರೂ ಆ "ನಮ್ಮ"ದೊಳಗೆ ಕೂತಿದ್ದಾರೆ. ಈ ಪ್ರಾರ್ಥನೆ ಕಲಿಸಿ ಮುಗಿಸಿದ ಮೇಲೆ ಯೇಸು ಅದರ ಒಂದೇ ಒಂದು ಬೇಡಿಕೆಯನ್ನು ಮತ್ತೆ ಎತ್ತಿಕೊಂಡು ವಿವರಿಸುತ್ತಾನೆ. ಆಹಾರದ್ದಲ್ಲ, ಶೋಧನೆಯದ್ದಲ್ಲ, ಅಂದರೆ ಪಾಪದ ಸೆಳೆತದ್ದೂ ಅಲ್ಲ. ಕ್ಷಮಿಸುವುದರ ಬಗ್ಗೆ. ನಾವು ಎಲ್ಲಿ ಜಾರಿಕೊಳ್ಳುತ್ತೇವೆ ಎಂದು ಅವನಿಗೆ ಗೊತ್ತಿತ್ತು.

ಇನ್ನು ಓದುವ ವಿಷಯ. ದಿನಕ್ಕೊಂದು ಅಧ್ಯಾಯ ಓದುತ್ತೇನೆ ಎಂದಿರಿ. ಒಳ್ಳೆಯ ಅಭ್ಯಾಸ. ಆದರೆ ಸಿಟ್ಟಿನ ವಿಷಯಕ್ಕೆ ಬಂದರೆ ಒಂದು ಅಧ್ಯಾಯ ಜಾಸ್ತಿಯಾಯಿತು ಎಂದು ನನ್ನ ಅನಿಸಿಕೆ. ಮೊದಲನೇ ಕೀರ್ತನೆಯಲ್ಲಿ, ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನು ಧನ್ಯ ಎಂದಿದೆ. ಧ್ಯಾನ ಎಂದ ಕೂಡಲೇ ಕಣ್ಣು ಮುಚ್ಚಿ ಸುಮ್ನೆ ಕೂರುವುದು ಎಂದುಕೊಳ್ಳುತ್ತೇವೆ. ಆದರೆ ಮೂಲ ಹೀಬ್ರೂ ಮಾತು "ಹಾಗಾ" ಸದ್ದಿರುವ ಮಾತು. ಬಾಯೊಳಗೇ ಗುನುಗುವುದು, ಗೊಣಗುವುದು ಎಂಬ ಅರ್ಥ ಅದಕ್ಕಿದೆ. ಯೆಶಾಯನ ಪುಸ್ತಕದಲ್ಲಿ ಬೇಟೆಯ ಮೇಲೆ ನಿಂತ ಸಿಂಹ ಗುರುಗುಟ್ಟುವುದಕ್ಕೂ, ಪಾರಿವಾಳ ನರಳುವುದಕ್ಕೂ ಇದೇ ಮಾತು ಬಳಸಿದ್ದಾರೆ. ಸಿಂಹ ಸಿಕ್ಕಿದ ಬೇಟೆಯನ್ನು ಬಿಟ್ಟು ಇನ್ನೊಂದಕ್ಕೆ ಓಡುವುದಿಲ್ಲ, ಅಲ್ವಾ?

ನಮ್ಮಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಮಾತಿದೆ, ಮೆಲುಕು ಹಾಕುವುದು. ಮೇದು ಬಂದ ಹಸು ಕೊಟ್ಟಿಗೆಯಲ್ಲಿ ಮಲಗಿ, ತಿಂದದ್ದನ್ನೇ ಮತ್ತೆ ಬಾಯಿಗೆ ತಂದು ಅಗಿಯುತ್ತದೆ. ಯುರೋಪಿನ ಹಳೆಯ ಮಠಗಳ ಸನ್ಯಾಸಿಗಳೂ ವಾಕ್ಯ ಓದುವುದಕ್ಕೆ ಇದೇ ಹೋಲಿಕೆ ಕೊಡುತ್ತಿದ್ದರು. 12ನೇ ಶತಮಾನದಲ್ಲಿ ಫ್ರಾನ್ಸಿನ ಎರಡನೇ ಗೀಗೋ ಎಂಬ ಮಠಾಧಿಪತಿ ಇದನ್ನು ನಾಲ್ಕು ಮೆಟ್ಟಿಲಾಗಿ ಬಿಡಿಸಿ ಹೇಳಿದ. ಓದುವುದೆಂದರೆ ತುತ್ತು ಬಾಯಿಗಿಟ್ಟ ಹಾಗೆ. ಧ್ಯಾನ ಎಂದರೆ ಅಗಿಯುವುದು. ಪ್ರಾರ್ಥನೆಯಲ್ಲಿ ರುಚಿ ಹತ್ತುತ್ತದೆ. ಕೊನೆಯ ಮೆಟ್ಟಿಲಲ್ಲಿ ಆ ಸವಿಯೇ ಉಳಿಯುತ್ತದೆ. ನಾವು ತುತ್ತಿನ ಮೇಲೆ ತುತ್ತು ಇಡುತ್ತೇವೆ, ಅಗಿಯುವುದಿಲ್ಲ. ಮೈಗೆ ಹತ್ತುವುದಾದರೂ ಹೇಗೆ?

ನಮ್ಮ ಹಿರಿಯರು ಬೈಬಲನ್ನು ಬಾಯಿಬಿಟ್ಟು ಓದುತ್ತಿದ್ದರು. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್, ಆಮೇಲೆ ಜೊತೆಗೂಡಿದ ವಿಲಿಯಂ ರೀವ್, ಇಬ್ಬರೂ ಇಲ್ಲಿನವರ ನೆರವಿನಿಂದ ವರ್ಷಗಟ್ಟಲೆ ದುಡಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಮೇಲೆ ಅದನ್ನು ಮತ್ತೆ ಮತ್ತೆ ತಿದ್ದಿದ್ದಾರೆ, ಸರಳ ಅನುವಾದಗಳೂ ಬಂದಿವೆ. ಹಳೆಯ ಸತ್ಯವೇದದ ಭಾಷೆ ಕಷ್ಟ ಎನ್ನುವವರಿಗೆ ನಾನು ಹೊಸದನ್ನೇ ಓದಿ ಎನ್ನುತ್ತೇನೆ. ಆದರೆ ಒಂದೊಂದು ಸಲ ಹಳೆಯದನ್ನು ಗಟ್ಟಿಯಾಗಿ ಓದಿ ನೋಡಿ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಈ ಸಾಲನ್ನು ಓಡಿಸಿಕೊಂಡು ಓದಲು ಆಗುವುದಿಲ್ಲ. ನಾಲಿಗೆ ತಾನಾಗಿ ನಿಧಾನ ಆಗುತ್ತದೆ.

ಈಗ ಪ್ರೀತಿ. ಮದುವೆಯಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೇ ಅಧ್ಯಾಯ ಓದುವುದನ್ನು ಎಷ್ಟೋ ಸಲ ಕೇಳಿದ್ದೇವೆ. ಹೂವಿನ ಹಾರದ ನಡುವೆ ಕೇಳಿ ಕೇಳಿ ಅದು ಮದುವೆಯ ಪದ್ಯ ಎನಿಸಿಬಿಟ್ಟಿದೆ. ಪೌಲ ಅದನ್ನು ಬರೆದದ್ದು ಜಗಳ ಹತ್ತಿದ ಸಭೆಗೆ. ಅಲ್ಲಿ ಕರ್ತನ ಭೋಜನಕ್ಕೆ ಸೇರಿದಾಗ ಕೆಲವರು ಮೊದಲೇ ಹೊಟ್ಟೆ ತುಂಬ ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಅಂಥವರಿಗೆ ಪೌಲ ಪ್ರೀತಿ ಎಂದರೆ ಏನು ಎಂದು ಹೇಳುವಾಗ, ಗ್ರೀಕ್ ಮೂಲದಲ್ಲಿ ಅದರ ಗುಣಗಳ ಪಟ್ಟಿ ಕೊಡುವುದಿಲ್ಲ, ಬರೀ ಕ್ರಿಯಾಪದ ಕೊಡುತ್ತಾನೆ. 4ರಿಂದ 7ನೇ ವಚನದೊಳಗೆ ಹದಿನೈದು. ತಾಳಿಕೊಳ್ಳುತ್ತದೆ, ದಯೆ ತೋರಿಸುತ್ತದೆ, ಉಬ್ಬಿಕೊಳ್ಳುವುದಿಲ್ಲ, ಸಿಟ್ಟಿಗೇಳುವುದಿಲ್ಲ. ಪ್ರೀತಿ ಎದೆಯೊಳಗಿನ ಭಾವ ಎಂದುಕೊಂಡು ಅದು ಉಕ್ಕಲಿ ಎಂದು ಕಾಯುತ್ತೇವಲ್ಲ, ಪೌಲ ಕೈಕಾಲಿಗೆ ಕೆಲಸ ಹಚ್ಚುತ್ತಾನೆ.

ಆ ಹದಿನೈದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು, ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬುದು. ಅಲ್ಲಿರುವ ಗ್ರೀಕ್ ಮಾತು ಲೆಕ್ಕ ಬರೆಯುವವರದ್ದು. ಅಂಗಡಿಯವರು ಉದ್ರಿ ಬರೆದಿಡುತ್ತಾರಲ್ಲ, ಹಾಗೆ. ನನ್ನ ತಲೆಯಲ್ಲಿ ಅಂಥದ್ದೊಂದು ಪುಸ್ತಕ ಇತ್ತು. ಅಮ್ಮ ಎಷ್ಟು ಸಲ ಕರೆದರು, ತಮ್ಮ ಎಷ್ಟು ಸಲ ಫೋನ್ ಎತ್ತಲಿಲ್ಲ, ದೀಪಾವಳಿಗೆ ಊರಿಗೆ ಹೋದಾಗ ಯಾರು ಏನಂದರು, ಎಲ್ಲ ತಾರೀಖಿನ ಸಮೇತ. ಅರ್ಧ ಗಂಟೆ ಪ್ರಾರ್ಥಿಸಿದರೂ ಆ ಪುಸ್ತಕದ ಒಂದು ಹಾಳೆಯೂ ಹರಿದಿರಲಿಲ್ಲ. ಯಾಕೆಂದರೆ ಅದನ್ನು ದೇವರ ಮುಂದೆ ತೆರೆದೇ ಇರಲಿಲ್ಲ. ಬೆಳಿಗ್ಗೆ ಬರುವ ಸಿಟ್ಟು ಬೆಳಿಗ್ಗೆ ಹುಟ್ಟಿದ್ದಲ್ಲ, ಹಳೆಯ ಬಾಕಿ.

ಹಾಗಾಗಿ ನಾನು ಈಗ ಮಾಡುವುದು ಇಷ್ಟು. ಒಂದೇ ವಚನ ಆರಿಸುತ್ತೇನೆ. ಮೂರು ಸಲ ಕೇಳಿಸುವ ಹಾಗೆ ಓದುತ್ತೇನೆ. ಆಮೇಲೆ, ಈ ಮಾತು ಇವತ್ತು ಯಾರ ಮುಂದೆ ನನಗೆ ಬೇಕಾಗುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಒಂದು ಮುಖ ಕಣ್ಣಿಗೆ ಬರುತ್ತದೆ, ಹೆಚ್ಚಾಗಿ ನಾನು ತಪ್ಪಿಸಿಕೊಳ್ಳಬೇಕು ಎನ್ನುವ ಮುಖವೇ. ಅವರ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. "ಅವರನ್ನು ಬದಲಾಯಿಸು" ಎಂದಲ್ಲ. ಅವರ ಮಂಡಿನೋವು, ಅವರ ಸಾಲ, ಅವರ ನಿದ್ದೆಯಿಲ್ಲದ ರಾತ್ರಿ, ಇವುಗಳಿಗಾಗಿ. ಒಬ್ಬರ ನೋವನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿದ ಮೇಲೆ ಅವರ ಮೇಲೆ ಮೊದಲಿನ ಹಾಗೆ ಕಿರುಚುವುದು ಅಷ್ಟು ಸುಲಭವಲ್ಲ. ಆಗುವುದೇ ಇಲ್ಲ ಎಂದು ಹೇಳಲಾರೆ, ನನ್ನಿಂದ ಮತ್ತೆ ಆಗಿದೆ. ಆದರೆ ನಡುವೆ ಒಂದು ಕ್ಷಣ ಸಿಗುತ್ತದೆ. ಆ ಕ್ಷಣಕ್ಕಾಗಿಯೇ ನಾನು ಕೂರುವುದು.

ರಾತ್ರಿಯೊಳಗೆ ಆ ವಚನದಿಂದ ಒಂದು ಸಣ್ಣ ಕೆಲಸ ಆಗಬೇಕು. ಈಗ ಬಿಸಿನೀರಿನ ಫ್ಲಾಸ್ಕ್ ಅಮ್ಮನ ಮಂಚದ ಪಕ್ಕ ಇಟ್ಟು ಆಮೇಲೆ ಬೈಬಲ್ ತೆರೆಯುತ್ತೇನೆ. ರೇಗಿದ ದಿನ "ತಪ್ಪಾಯ್ತಮ್ಮ" ಎಂದು ಹೇಳಿ ಮಲಗುತ್ತೇನೆ. ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಎಂದು ಎಫೆಸದವರಿಗೆ ಬರೆದದ್ದು ಬಹಳ ಬಳಕೆಗೆ ಬರುವ ಮಾತು.

ಕೂತು ಓದಲು ಸಮಯವೇ ಇಲ್ಲ ಎನ್ನುವವರಿಗೆ 17ನೇ ಶತಮಾನದ ಬ್ರದರ್ ಲಾರೆನ್ಸ್ ನೆನಪಾಗಲಿ. ಪ್ಯಾರಿಸ್ಸಿನ ಕಾರ್ಮೆಲೈಟ್ ಮಠದಲ್ಲಿ ಅಡುಗೆಯವರಾಗಿದ್ದರು. ಆ ಕೆಲಸ ಅವರಿಗೆ ಹಿಡಿಸುತ್ತಲೂ ಇರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಜೊತೆ ಮಾತಾಡುವುದನ್ನು ಕಲಿತರು. ಆ ಅಡುಗೆಮನೆಯಲ್ಲೂ ಹಲವರು ಒಟ್ಟಿಗೆ ಅವರನ್ನು ಕೂಗಿ ಕರೆಯುವ ಹೊತ್ತು ಇರುತ್ತಿತ್ತು.

ಒಂದು ಮಾತು ಮರೆಯದೆ ಹೇಳಬೇಕು. ಲೆಕ್ಕದ ಪುಸ್ತಕ ಹರಿಯುವುದು ಎಂದರೆ ಹೊಡೆತ ಸಹಿಸಿಕೊಂಡು ಸುಮ್ಮನಿರುವುದಲ್ಲ. ನಿಮ್ಮ ಮನೆಯಲ್ಲಿ ಕೈ ಎತ್ತುವವರಿದ್ದರೆ, ಭಯದಲ್ಲೇ ದಿನ ಕಳೆಯುತ್ತಿದ್ದರೆ, "ಪ್ರಾರ್ಥಿಸಿ, ತಾಳಿಕೊಳ್ಳಿ" ಎಂಬ ಸಲಹೆ ಸಾಲದು. ನಂಬಿಕೆಯವರೊಬ್ಬರಿಗೆ ಹೇಳಿ. ಮಹಿಳೆಯರು 181ಕ್ಕೆ ಕರೆ ಮಾಡಬಹುದು, ತುರ್ತಿದ್ದರೆ 112. ಇನ್ನು ಕೈ ಎತ್ತುವವರು ನೀವೇ ಆಗಿದ್ದರೆ ಬರೀ ವಚನ ಓದಿ ಸರಿಯಾಗುತ್ತದೆ ಎಂದು ಕಾಯಬೇಡಿ. ಇವತ್ತೇ ನೆರವು ಕೇಳಿ.

ಎಲ್ಲಿಂದ ಶುರು ಮಾಡಲಿ ಎಂದರೆ, ನಾನು ಕೀರ್ತನೆ 141ರ 3ನೇ ವಚನ ಕೊಡುತ್ತೇನೆ. ನನ್ನ ಬಾಯಿಗೆ ಕಾವಲಿಡು, ತುಟಿಗಳ ಬಾಗಿಲನ್ನು ಕಾಯಿ ಎಂದು ದೇವರನ್ನು ಬೇಡುವ ವಚನ. ಬಾಗಿಲಿಗೆ ಕಾವಲುಗಾರ ಬೇಕು ಎಂದು ಕೇಳುವವನಿಗೆ, ತನ್ನಿಂದ ಕಾಯಲು ಆಗುತ್ತಿಲ್ಲ ಎಂದು ಗೊತ್ತಿದೆ. ಅದಕ್ಕೇ ಈ ಬೇಡಿಕೆ ನಮ್ಮಂಥವರದ್ದು. ಒಂದು ಚೀಟಿಯಲ್ಲಿ ಬರೆದು ನೀವು ಹೆಚ್ಚಾಗಿ ರೇಗುವ ಜಾಗದಲ್ಲಿ ಅಂಟಿಸಿ, ಒಲೆಯ ಮೇಲಿನ ಗೋಡೆಗೋ, ಬೈಕಿನ ಕೀಲಿ ನೇತುಹಾಕುವ ಮೊಳೆಯ ಹತ್ತಿರವೋ. ಒಂದು ವಾರ ಬೇರೆ ಏನೂ ಓದದಿದ್ದರೂ ಪರವಾಗಿಲ್ಲ. ನಮ್ಮ ಮನೆಯ ಚೀಟಿ ಅಮ್ಮನ ಕೋಣೆಯ ಬಾಗಿಲಿಗಿದೆ. ಅಮ್ಮನೇ ಅಂಟಿಸಿಕೊಂಡಿದ್ದು, ಒಳಗಡೆಯಿಂದ. ತಮಗೂ ಬೇಕಂತೆ.