ಸುಣ್ಣವನ್ನು ಕಲ್ಲಾಗಿಸಿದ ಮೈಕೆಲೆಂಜೆಲೊ

ಅಮೃತಶಿಲೆ ಬೇರೆ, ಗೋಡೆಗೆ ಮೆತ್ತಿದ ಸುಣ್ಣದ ಗಾರೆ ಬೇರೆ ಅಂತ ನಮಗೆ ಅನ್ನಿಸುತ್ತದೆ. ರಸಾಯನಶಾಸ್ತ್ರ ಕೇಳಿದರೆ ಅಮೃತಶಿಲೆಯೂ ಒಣಗಿ ಗಟ್ಟಿಯಾದ ಸುಣ್ಣವೂ ಒಂದೇ: ಕ್ಯಾಲ್ಸಿಯಂ ಕಾರ್ಬೊನೇಟ್. ಇಟಲಿಯ ಶಿಲ್ಪಿ ಮೈಕೆಲೆಂಜೆಲೊ ತನ್ನ ಬದುಕಿನ ಬಹುಪಾಲು ಈ ಒಂದೇ ವಸ್ತುವಿನ ಜೊತೆ ಗುದ್ದಾಡಿದ.

ಅವನು ಹುಟ್ಟಿದ್ದು 1475ರಲ್ಲಿ, ಇಟಲಿಯ ಕಾಪ್ರೆಸೆಯಲ್ಲಿ. ಹಾಲುಣಿಸಿದವಳು ಕಲ್ಲುಕುಟಿಗನ ಹೆಂಡತಿ. ಆ ಹಾಲಿನ ಜೊತೆಗೇ ಉಳಿ ಸುತ್ತಿಗೆಯೂ ಬಂತು ಅಂತ ಅವನೇ ಹೇಳುತ್ತಿದ್ದನಂತೆ. ಹೀಗಿದ್ದವನಿಗೆ 1508ರಲ್ಲಿ ಪೋಪ್ ಎರಡನೇ ಜೂಲಿಯಸ್ ಒಪ್ಪಿಸಿದ್ದು ಚಿತ್ರದ ಕೆಲಸ. ಅದೂ ರೋಮ್‌ನಲ್ಲಿರುವ ಪೋಪರ ಪ್ರಾರ್ಥನಾ ಮಂದಿರ ಸಿಸ್ಟೀನ್ ಚಾಪೆಲ್‌ನ ಛಾವಣಿ! ತಾನು ಚಿತ್ರಕಾರನೇ ಅಲ್ಲ ಅಂತ ಅವನು ಒಂದು ಪದ್ಯದಲ್ಲಿ ಗೋಳಾಡಿದ್ದಾನೆ. ಪಕ್ಕದಲ್ಲಿ ತನ್ನದೇ ಚಿತ್ರ ಗೀಚಿದ್ದಾನೆ. ಅದರಲ್ಲಿ ಅವನು ನಿಂತುಕೊಂಡು, ಕತ್ತು ಹಿಂದಕ್ಕೆ ಬಾಗಿಸಿ, ಕೈ ಎತ್ತಿ ಬಣ್ಣ ಹಚ್ಚುತ್ತಿದ್ದಾನೆ. ಮಲಗಿಕೊಂಡು ಬಿಡಿಸಿದ ಅನ್ನುವ ಮಾತು ಸುಮ್ನೆ ಹಬ್ಬಿದ ಕಥೆ.

ಆ ಛಾವಣಿಯದು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬಿಡಿಸುವ ಚಿತ್ರ. ಇದರಲ್ಲಿ ಅಂಟು ಇರುವುದಿಲ್ಲ. ಹಾಗಾದರೆ ಬಣ್ಣ ಗೋಡೆ ಹಿಡಿಯೋದು ಹೇಗೆ? ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತದೆ. ಈ ಅರಳಿದ ಸುಣ್ಣದ ಗಾರೆ ಗೋಡೆಯ ಮೇಲೆ ಒಣಗುತ್ತಾ, ಕಳೆದುಕೊಂಡಿದ್ದ ಅನಿಲವನ್ನು ಗಾಳಿಯಿಂದ ಮತ್ತೆ ಎಳೆದುಕೊಂಡು ಕಲ್ಲಾಗುತ್ತದೆ. ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಿದರೆ, ಬಣ್ಣದ ಕಣಗಳು ಆ ಹರಳುಗಳ ನಡುವೆ ಸಿಕ್ಕಿಕೊಳ್ಳುತ್ತವೆ.

ಆದರೆ ಸಮಯ ಕೆಲವೇ ಗಂಟೆ. ಆ ದಿನ ಎಷ್ಟು ಮುಗಿಸಲು ಸಾಧ್ಯವೋ ಅಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು. ಉಳಿದದ್ದನ್ನು ಸಂಜೆ ಕೆತ್ತಿ ತೆಗೆಯಬೇಕು. ಮರುದಿನದ ಗಾರೆ ಅದರ ಅಂಚಿಗೆ ಕೂರುತ್ತದೆ. ಹತ್ತಿರದಿಂದ ನೋಡಿದರೆ ಈ ಬೆಸುಗೆಯ ಗೆರೆಗಳು ಇಂದಿಗೂ ಕಾಣುತ್ತವೆ. ಒಂದೊಂದು ತುಂಡೂ ಅವನ ಒಂದೊಂದು ದಿನದ ದುಡಿಮೆ. ಮೊದಲು ಕೈಗೆತ್ತಿಕೊಂಡ ಪ್ರಳಯದ ದೃಶ್ಯಕ್ಕೆ ವಾರಗಟ್ಟಲೆ ಹಿಡಿಯಿತು. ಕೊನೆಕೊನೆಗೆ, ಬೆಳಕನ್ನೂ ಕತ್ತಲನ್ನೂ ಬೇರೆ ಮಾಡುವ ದೇವರನ್ನು ಒಂದೇ ದಿನದ ಗಾರೆಯಲ್ಲಿ ಮುಗಿಸಿಬಿಟ್ಟ. ಕಲಿಕೆ ಹೀಗೆ ಗೋಡೆಯ ಮೇಲೇ ದಾಖಲಾಗಿರುವುದು ನನಗಂತೂ ಆ ಚಿತ್ರಗಳಷ್ಟೇ ದೊಡ್ಡ ವಿಸ್ಮಯ.

ಶುರುವಿನಲ್ಲಿ ಕೆಲಸ ಕೈಕೊಟ್ಟಿತ್ತು. ಚಿತ್ರದ ಮೇಲೆ ಬೂಷ್ಟು ಬಂತು. ನನ್ನ ಕೈಲಾಗಲ್ಲ ಅಂತ ಅವನು ಪೋಪ್ ಬಳಿ ಹೋದ. ಆಗ ವಾಸ್ತುಶಿಲ್ಪಿ ಜೂಲಿಯಾನೊ ದ ಸಂಗಾಲ್ಲೊ ಬಂದು ನೋಡಿ, ಸುಣ್ಣಕ್ಕೆ ನೀರು ಜಾಸ್ತಿ ಆಗಿದೆ ಅಂತ ತೋರಿಸಿಕೊಟ್ಟ. ನೀರಿನ ಹದ ಸರಿಯಾಯಿತು, ಕೆಲಸ ಸಾಗಿತು. 1512ರಲ್ಲಿ ಛಾವಣಿ ಮುಗಿಯಿತು.

ಇದಕ್ಕೂ ಮುಂಚೆ, 1501ರಲ್ಲಿ, ಅವನ ಕೈಗೆ ಬಂದದ್ದು ಕರಾರಾ ಗಣಿಯ ಒಂದು ಬಂಡೆ. ಇಬ್ಬರು ಶಿಲ್ಪಿಗಳು ಕೈಹಾಕಿ ಬಿಟ್ಟಿದ್ದ, ಫ್ಲಾರೆನ್ಸ್ ಚರ್ಚಿನ ಅಂಗಳದಲ್ಲಿ ಮಳೆ ಬಿಸಿಲಿಗೆ ಬಿದ್ದಿದ್ದ ಕಲ್ಲು. ಅದರಿಂದ 5.17 ಮೀಟರ್ ಎತ್ತರದ ಮೂರ್ತಿಯಾಗಿ ಬೈಬಲ್ಲಿನ ವೀರ ಡೇವಿಡ್ ಹೊರಬಂದ. ಐದು ಟನ್ನಿಗೂ ಮೀರಿದ ಆ ಭಾರವನ್ನೆಲ್ಲ ಎರಡು ಕಾಲು ಮತ್ತು ಒಂದು ಮರದ ಬೊಡ್ಡೆ ಹೊತ್ತಿವೆ.

ಡೇವಿಡ್ 1504ರಿಂದ 1873ರವರೆಗೆ ಬಯಲಲ್ಲೇ ನಿಂತಿದ್ದ. ಗಾರೆಯನ್ನು ಕಲ್ಲಾಗಿಸುವ ಅದೇ ಕಾರ್ಬನ್ ಡೈಆಕ್ಸೈಡ್ ಮಳೆನೀರಲ್ಲಿ ಬೆರೆತರೆ, ಅಮೃತಶಿಲೆಯನ್ನು ಮೆಲ್ಲಗೆ ಕರಗಿಸುತ್ತದೆ. ಆಮೇಲೆ ಮೂರ್ತಿಯನ್ನು ಅಕಾಡೆಮಿಯಾ ಸಂಗ್ರಹಾಲಯದ ಒಳಗೆ ಸಾಗಿಸಿದರು. ಕಣಕಾಲಿನ ಹತ್ತಿರ ಕೂದಲೆಳೆಯಂಥ ಬಿರುಕುಗಳಿವೆ. 2014ರಲ್ಲಿ ಇಟಲಿಯ ವಿಜ್ಞಾನಿಗಳು ಪ್ಲಾಸ್ಟರಿನ ಪುಟ್ಟ ಡೇವಿಡ್‌ಗಳನ್ನು ಮಾಡಿ, ವಾಲಿಸಿ, ಗಿರಗಿರ ತಿರುಗುವ ಯಂತ್ರದಲ್ಲಿಟ್ಟು ಭಾರ ಹೆಚ್ಚಿಸಿ ನೋಡಿದರು. ಮೂರ್ತಿ ಹಿಂದೆ ಬಹುಕಾಲ ಕೊಂಚ ಮುಂದಕ್ಕೆ ವಾಲಿ ನಿಂತಿದ್ದೇ ಬಿರುಕಿಗೆ ಕಾರಣ ಅನ್ನೋದು ಅವರ ತೀರ್ಮಾನ. ಈಗ ನೇರವಾಗಿ ನಿಂತಿದ್ದರೂ, ಭೂಕಂಪವಾದರೆ ಮೊದಲು ಸೋಲುವುದು ಆ ಕಣಕಾಲುಗಳೇ ಅನ್ನುವ ಭಯ ತಜ್ಞರಿಗಿದೆ.