ಎಲೆ ಉದುರೋ ಕಾಲದಲ್ಲಿ ಲಾನ್‌ಗೆ ಏನು ಮಾಡ್ಬೇಕು: ಪಾಚಿ, ಕಳೆ ಮತ್ತು ಗೊಬ್ಬರ

ಬೇಸಿಗೆ ಮುಗಿದು ಎಲೆ ಉದುರೋಕೆ ಶುರುವಾದ್ರೆ ಸಾಕು, ತುಂಬಾ ಜನ ಹುಲ್ಲು ಕತ್ತರಿಸೋ ಮೋವರ್ ಒರೆಸಿ ಒಳಗಿಟ್ಟುಬಿಡ್ತಾರೆ, ಇನ್ನು ವಸಂತ ಬಂದ್ಮೇಲೆ ನೋಡ್ಕೊಂಡ್ರಾಯ್ತು ಅಂತ. ಲಾನ್ ಕೆಲಸಾನೇ ವೃತ್ತಿ ಮಾಡ್ಕೊಂಡಿರೋ ನನಗೆ ವರ್ಷದ ಮುಖ್ಯವಾದ ಕೆಲಸ ಶುರುವಾಗೋದೇ ಆವಾಗ. ರೈಗ್ರಾಸ್, ಫೆಸ್ಕ್ಯೂ, ಬೆಂಟ್‌ಗ್ರಾಸ್, ಬ್ಲೂಗ್ರಾಸ್ ಥರದ ತಂಪು ಹವೆಯ ಹುಲ್ಲುಗಳಿಗೆ ಬೇರು ಚೆನ್ನಾಗಿ ಇಳಿಯೋದು ಮಣ್ಣು ಸುಮಾರು 10ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದಾಗ. ಈ ಕಾಲದಲ್ಲಿ ಗಾಳಿ ತಣ್ಣಗಾಗಿದ್ರೂ ಮಣ್ಣು ಬೇಸಿಗೆಯ ಬಿಸಿನ ಇನ್ನೂ ಹಿಡ್ಕೊಂಡಿರತ್ತೆ, ಮೇಲಿಂದ ಮಳೆನೂ ಬರ್ತಿರತ್ತೆ, ಹಾಗಾಗಿ ಎಲೆ ಬೆಳೆಯೋದು ನಿಧಾನ ಆದ್ರೂ ಬೇರು ಕೆಳಗೆ ಕೆಲಸ ಮಾಡ್ತಾನೇ ಇರತ್ತೆ. ಉತ್ತರಾರ್ಧಗೋಳದಲ್ಲಿ ಅಂದ್ರೆ ಸೆಪ್ಟೆಂಬರ್, ಅಕ್ಟೋಬರ್, ದಕ್ಷಿಣದಲ್ಲಿ ಮಾರ್ಚ್, ಏಪ್ರಿಲ್. ಬರ್ಮುಡಾ, ಝೋಯ್ಸಿಯಾ ಥರದ ಬಿಸಿ ಹವೆಯ ಹುಲ್ಲು ಇರೋರ ಲೆಕ್ಕ ಬೇರೆ, ಆ ಹುಲ್ಲು ಚಳಿ ಬಂದ್ರೆ ಬೆಳೆಯೋದು ನಿಲ್ಲಿಸಿ ಕಂದಾಗತ್ತೆ, ಅದನ್ನ ಈಗ ರೇಕ್‌ನಿಂದ, ಅಂದ್ರೆ ಹಲ್ಲಿರೋ ಕುಂಟೆಯಿಂದ, ಕೆರೆಯೋಕೆ ಹೋಗ್ಲೇಬೇಡಿ.

ನನ್ನನ್ನ ಅತಿ ಹೆಚ್ಚು ಕೇಳೋ ಪ್ರಶ್ನೆ ಪಾಚಿದು. ಏನು ಹಾಕಿದ್ರೆ ಹೋಗತ್ತೆ ಅಂತ ಕೇಳ್ತಾರೆ, ನಾನು ಮೊದಲು ಕೇಳೋದು ಅದು ಎಲ್ಲೆಲ್ಲಿ ಬಂದಿದೆ ಅಂತ. ಪಾಚಿಗೆ ನಿಜವಾದ ಬೇರೇ ಇಲ್ಲ, ಹಿಡ್ಕೊಳ್ಳೋಕೆ ಕೂದಲೆಳೆ ಥರದ್ದು ಇರತ್ತೆ ಅಷ್ಟೆ, ನೀರನ್ನ ಅದು ಮೈಯಿಂದಲೇ ಹೀರ್ಕೊಳತ್ತೆ, ಅದಕ್ಕೇ ಗಟ್ಟಿಯಾಗಿ ಬೆಳೆದಿರೋ ಹುಲ್ಲನ್ನ ತಳ್ಳಿ ಜಾಗ ಮಾಡ್ಕೊಳ್ಳೋ ಶಕ್ತಿ ಅದಕ್ಕಿಲ್ಲ. ಹುಲ್ಲು ಮೊದಲು ತೆಳ್ಳಗಾಗತ್ತೆ, ಆಮೇಲೆ ಖಾಲಿ ಜಾಗಕ್ಕೆ ಪಾಚಿ ಬರತ್ತೆ. ಮರದ ಕೆಳಗೆ ಮಾತ್ರ ಇದ್ರೆ ನೆರಳು, ಎಲ್ಲರೂ ಓಡಾಡೋ ದಾರಿಲಿ ಇದ್ರೆ ಮಣ್ಣು ಬಿಗಿಯಾಗಿದೆ, ಸ್ವಲ್ಪ ಉಬ್ಬಿರೋ ಕಡೆ ಇದ್ರೆ ಮೋವರ್ ಬ್ಲೇಡು ಅಲ್ಲಿ ಹುಲ್ಲನ್ನ ಬುಡದವರೆಗೂ ಬೋಳಿಸ್ತಿದೆ, ತಗ್ಗಲ್ಲಿ ಇದ್ರೆ ನೀರು ನಿಲ್ತಿದೆ, ಇಡೀ ಲಾನ್ ತುಂಬಾ ಒಂದೇ ಸಮ ಇದ್ರೆ ಬಹುಪಾಲು ಹುಲ್ಲಿಗೆ ಹಸಿವು ಅಥವಾ ತುಂಬಾ ಗಿಡ್ಡ ಕತ್ತರಿಸ್ತಿದ್ದೀರ. ಈ ಕಾರಣ ಹಾಗೇ ಬಿಟ್ಟು ಬರೀ ಪಾಚಿ ಸಾಯಿಸಿದ್ರೆ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಬರತ್ತೆ, ಇದನ್ನ ನಾನು ಎಷ್ಟೋ ಲಾನ್‌ಗಳಲ್ಲಿ ನೋಡಿದ್ದೀನಿ.

ಸಾಯಿಸೋಕೆ ಇರೋದ್ರಲ್ಲಿ ನಂಬಿಕಸ್ಥ ವಸ್ತು ಫೆರಸ್ ಸಲ್ಫೇಟ್, ಅಂದ್ರೆ ಕಬ್ಬಿಣದ ಸಲ್ಫೇಟ್. ಪ್ಯಾಕೆಟ್ ಮೇಲಿರೋ ಅಳತೆಗೆ ನೀರಲ್ಲಿ ಕರಗಿಸಿ ಹಾಕಿದ್ರೆ ಪಾಚಿ ಕೆಲವೇ ದಿನದಲ್ಲಿ ಕಪ್ಪಾಗತ್ತೆ, ಹುಲ್ಲು ಮಾತ್ರ ಕಬ್ಬಿಣ ಸಿಕ್ಕಿ ಇನ್ನಷ್ಟು ಕಡು ಹಸಿರಾಗತ್ತೆ. ನೆಲ ಒದ್ದೆ ಇರ್ಲಿ, ಒಣಗಿ ಬಾಡಿರೋ ಹುಲ್ಲಿಗೂ ಹಿಮ ಬೀಳೋ ದಿನಕ್ಕೂ ಹಾಕ್ಬೇಡಿ. ಇನ್ನೊಂದು ವಿಷ್ಯ, ಕಲ್ಲು ಹಾಸಿರೋ ದಾರಿ, ಕಾಂಕ್ರೀಟ್, ಬಟ್ಟೆ, ಶೂ ಯಾವುದರ ಮೇಲೂ ಒಂದು ಹನಿ ಬೀಳದ ಹಾಗೆ ನೋಡ್ಕೊಳಿ, ಕಬ್ಬಿಣ ಗಾಳಿಗೆ ತುಕ್ಕಾಗಿ ಕಂದು ಕಲೆ ಕೂತುಬಿಟ್ರೆ ಅದನ್ನ ತೆಗೆಯೋದು ಭಾರೀ ಕಷ್ಟ. ಪಾಚಿ ಪೂರ್ತಿ ಕಪ್ಪಾಗೋವರೆಗೂ, ಸುಮಾರು ಹತ್ತರಿಂದ ಹದಿನಾಲ್ಕು ದಿನ, ರೇಕ್ ಮುಟ್ಬೇಡಿ. ಹಸಿರಾಗಿರೋ ಪಾಚಿನ ಕೆರೆದ್ರೆ ಅದರ ತುಂಡುಗಳು ಲಾನ್ ತುಂಬಾ ಹರಡತ್ತೆ, ಒಂದು ಸಣ್ಣ ಚೂರು ಸಾಕು ಅದಕ್ಕೆ ಹೊಸದಾಗಿ ಬೆಳೆಯೋಕೆ.

ಸುಣ್ಣದ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಪಾಚಿ ಕಂಡ ತಕ್ಷಣ ಸುಣ್ಣ ಎರಚೋರು ತುಂಬಾ ಜನ ಇದ್ದಾರೆ. ಪಾಚಿ ಹುಳಿ ಮಣ್ಣಲ್ಲೂ ಬರತ್ತೆ, ಸುಣ್ಣದಂಶ ಇರೋ ಮಣ್ಣಲ್ಲೂ ಬರತ್ತೆ. ಮಣ್ಣು ಪರೀಕ್ಷೆ ಮಾಡಿಸಿ ಪಿಎಚ್ (ಮಣ್ಣಿನ ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿದ್ರೆ ಸುಣ್ಣ ಹಾಕೋದಕ್ಕೆ ಅರ್ಥ ಇದೆ, ಇಲ್ಲಾಂದ್ರೆ ಸುಮ್ನೆ ಮಣ್ಣು ಕೆಡಿಸ್ದಂಗೆ.

ಕೆರೆಯೋ ಮುಂಚೆ ಒಂದು ಕೆಲಸ ಮಾಡಿ. ಹಳೇ ಚಾಕು ತಗೊಂಡು ಲಾನ್‌ನ ಒಂದು ಮೂಲೇಲಿ ಕೇಕ್ ಕತ್ತರಿಸೋ ಹಾಗೆ ತ್ರಿಕೋನವಾಗಿ, ನಾಲ್ಕು ಬೆರಳು ಆಳಕ್ಕೆ ಕೊಯ್ದು ಎತ್ತಿ ನೋಡಿ. ಮೇಲೆ ಹಸಿರು, ಕೆಳಗೆ ಮಣ್ಣು, ಎರಡರ ಮಧ್ಯ ಕಂದು ಬಣ್ಣದ ನಾರು ನಾರಾದ, ಒತ್ತಿದ್ರೆ ಸ್ಪಂಜ್ ಹಾಗೆ ಬಗ್ಗೋ ಒಂದು ಪದರ ಕಾಣತ್ತೆ, ಅದೇ ಥ್ಯಾಚ್. ಸತ್ತ ಕಾಂಡ, ಬೇರು ಕೊಳೆಯದೆ ಸೇರ್ಕೊಂಡಿರೋದು. ಒಂದು ಸೆಂಟಿಮೀಟರ್ ಒಳಗಿದ್ರೆ ಏನೂ ತೊಂದರೆ ಇಲ್ಲ, ಅದು ತೇವ ಕಾಪಾಡತ್ತೆ, ತುಳಿತ ತಡ್ಕೊಳತ್ತೆ. ಅದಕ್ಕಿಂತ ದಪ್ಪ ಆದ್ರೆ ನೀರು, ಗೊಬ್ಬರ ಕೆಳಗೆ ಇಳಿಯಲ್ಲ, ಬೇರು ಮಣ್ಣಿಗೆ ಹೋಗೋ ಬದಲು ಆ ಪದರದಲ್ಲೇ ಸುತ್ತಾಡ್ತಿರತ್ತೆ. ಆ ತುಂಡಿನ ಬೇರು ಎಷ್ಟು ಉದ್ದ ಇದೆ ಅಂತಾನೂ ನೋಡಿ, ಎರಡು ಬೆರಳಗಲಕ್ಕೇ ನಿಂತಿದ್ರೆ ಮಣ್ಣು ಬಿಗಿಯಾಗಿರೋ ಸಾಧ್ಯತೆ ಹೆಚ್ಚು. ನೋಡಿದ್ಮೇಲೆ ತುಂಡನ್ನ ವಾಪಸ್ ಇಟ್ಟು ಕಾಲಲ್ಲಿ ಒತ್ತಿಬಿಡಿ, ಅದು ಅಂಟ್ಕೊಳತ್ತೆ.

ಕೆರೆಯೋಕೆ ಸ್ಪ್ರಿಂಗ್ ರೇಕ್ ಆದ್ರೂ ಸರಿ, ಮಷಿನ್ ಆದ್ರೂ ಸರಿ, ಆದ್ರೆ ಮಷಿನ್ ಬ್ಲೇಡನ್ನ ಮೊದಲನೇ ಸಲ ಮೇಲೇ ಇಟ್ಕೊಂಡು ಒಂದು ದಿಕ್ಕಲ್ಲಿ ಓಡಿಸಿ, ಆಮೇಲೆ ಬೇಕಾದ್ರೆ ಸ್ವಲ್ಪ ಇಳಿಸಿ ಅಡ್ಡಡ್ಡ ಓಡಿಸಿ. ಮುಗಿದ್ಮೇಲೆ ಲಾನ್ ನೋಡೋಕೆ ಆಗಲ್ಲ, ಅರ್ಧಕ್ಕರ್ಧ ಮಣ್ಣು ಕಾಣ್ತಿರತ್ತೆ, ಗಾಬರಿ ಆಗ್ಬೇಡಿ. ಆದ್ರೆ ಆ ಗಾಯ ವಾಸಿ ಆಗೋಕೆ ಹುಲ್ಲಿಗೆ ಕಡಿಮೆ ಅಂದ್ರೂ ನಾಲ್ಕರಿಂದ ಆರು ವಾರ ಬೆಳೆಯೋ ಹವೆ ಬೇಕು, ಚಳಿ ಬಂದುಬಿಟ್ಟಿದ್ರೆ ಈ ವರ್ಷ ಬಿಟ್ಟುಬಿಡಿ, ಬರಿದಾದ ನೆಲ ಚಳಿಗಾಲ ಪೂರ್ತಿ ಹಾಗೇ ಇದ್ರೆ ಅಲ್ಲಿಗೆ ಮತ್ತೆ ಪಾಚಿನೇ ಬರೋದು.

ಮಣ್ಣು ಬಿಗಿಯಾಗಿರೋ ಕಡೆ ಗಾರ್ಡನ್ ಫೋರ್ಕ್ ಹಾಕಿ ತೂತು ಮಾಡಿ, ಒಂದು ಗೇಣು ಆಳ ಹೋಗ್ಬೇಕಾಗಿಲ್ಲ, 8ರಿಂದ 10 ಸೆಂಟಿಮೀಟರ್ ಸಾಕು, ಚುಚ್ಚಿ ಸ್ವಲ್ಪ ಹಿಂದೆ ಮುಂದೆ ಅಲ್ಲಾಡಿಸಿ ತೆಗೀರಿ. ಜೇಡಿಮಣ್ಣಾದ್ರೆ ಮಣ್ಣಿನ ಕಡ್ಡಿಗಳನ್ನೇ ಹೊರಗೆ ತೆಗೆಯೋ ಟೊಳ್ಳು ಹಲ್ಲಿನ ಉಪಕರಣ ವಾಸಿ, ಬರೀ ಚುಚ್ಚಿದ್ರೆ ತೂತಿನ ಅಕ್ಕಪಕ್ಕ ಮಣ್ಣು ಇನ್ನಷ್ಟು ಒತ್ಕೊಳತ್ತೆ. ಆ ತೂತುಗಳಿಗೆ ಮರಳು, ಒಳ್ಳೆ ಮಣ್ಣು, ಕಾಂಪೋಸ್ಟ್ ಮಿಶ್ರಣನ ತೆಳ್ಳಗೆ ಹರಡಿ ಪೊರಕೆಲಿ ಗುಡಿಸಿ ತುಂಬಿಸಿ, ಹುಲ್ಲಿನ ತುದಿ ಕಾಣ್ತಾ ಇರ್ಬೇಕು, ಮುಚ್ಚಿಹೋದ್ರೆ ಕೊಳೆಯತ್ತೆ.

ಈಗ ಬೀಜ. ಇದನ್ನ ಬಿಡೋರೇ ಜಾಸ್ತಿ, ನನ್ನ ಪ್ರಕಾರ ಇದೇ ಇಷ್ಟೂ ಕೆಲಸದ ಜೀವಾಳ. ಪಾಚಿ ತೆಗೆದ್ರಿ, ಕಳೆ ತೆಗೆದ್ರಿ, ಅಲ್ಲೊಂದು ಖಾಲಿ ಜಾಗ ಆಯ್ತು, ಆ ಜಾಗನ ನೀವು ಹುಲ್ಲಿಗೆ ಕೊಡ್ಲಿಲ್ಲ ಅಂದ್ರೆ ಬೇರೆ ಯಾವುದೋ ಬಂದು ತಗೊಳತ್ತೆ. ಚದರ ಮೀಟರ್‌ಗೆ 25ರಿಂದ 35 ಗ್ರಾಂ ಬೀಜ ಚೆಲ್ಲಿ, ಮಣ್ಣಿಗೆ ತಾಗೋ ಹಾಗೆ ಹಗುರವಾಗಿ ರೇಕ್ ಮಾಡಿ ಕಾಲಲ್ಲಿ ಒತ್ತಿ, ಮೊಳಕೆ ಬರೋವರೆಗೂ ಮೇಲ್ಮಣ್ಣು ಒಣಗೋಕೆ ಬಿಡ್ಬೇಡಿ. ರೈಗ್ರಾಸ್ ಒಂದೆರಡು ವಾರದೊಳಗೆ ಕಾಣಿಸ್ಕೊಳತ್ತೆ, ಬ್ಲೂಗ್ರಾಸ್‌ಗೆ ಎರಡರಿಂದ ನಾಲ್ಕು ವಾರ ತಾಳ್ಮೆ ಬೇಕು. ಮರದ ನೆರಳಲ್ಲಿ ಫೈನ್ ಫೆಸ್ಕ್ಯೂ ಇರೋ ಮಿಶ್ರಣ ಹಾಕಿ, ಅಲ್ಲೂ ಬರಲ್ಲ ಅಂದ್ರೆ ಆ ಜಾಗ ಹುಲ್ಲಿಗೆ ಸೇರಿದ್ದಲ್ಲ, ನೆರಳಿನ ಗಿಡ ಹಾಕಿ ಅಥವಾ ಪಾಚಿನೇ ಇಟ್ಕೊಳಿ, ಚೆನ್ನಾಗೇ ಕಾಣತ್ತೆ.

ಗೊಬ್ಬರದ ವಿಷ್ಯದಲ್ಲಿ ಆಗೋ ದೊಡ್ಡ ಎಡವಟ್ಟು ಅಂದ್ರೆ ವಸಂತಕ್ಕೆ ತಂದು ಉಳಿದಿದ್ದ ಚೀಲನ ಈಗ ಖಾಲಿ ಮಾಡೋದು. ಚೀಲದ ಮೇಲೆ ಮೂರು ಅಂಕಿ ಇರತ್ತೆ, ನೈಟ್ರೋಜನ್, ಫಾಸ್ಫೇಟ್, ಪೊಟ್ಯಾಷ್, ಅದೇ ಕ್ರಮದಲ್ಲಿ, ನೂರಕ್ಕೆ ಎಷ್ಟು ಅಂತ. ವಸಂತದ ಚೀಲದಲ್ಲಿ ಮೊದಲನೇ ಅಂಕಿ ದೊಡ್ಡದು, ಈಗ ಬೇಕಾಗಿರೋದು ಮೊದಲನೇದು ಚಿಕ್ಕದಾಗಿ ಕೊನೇದು ದೊಡ್ಡದಾಗಿರೋದು. 5-5-10 ಇರೋ ಚೀಲನ ಚದರ ಮೀಟರ್‌ಗೆ 35 ಗ್ರಾಂ ಹಾಕಿದ್ರೆ ನೈಟ್ರೋಜನ್ ಬೀಳೋದು 1.75 ಗ್ರಾಂ, ಪೊಟ್ಯಾಷ್ 3.5 ಗ್ರಾಂ. ಅದೇ 20-5-8 ಚೀಲನ ಅದೇ ಅಳತೆಗೆ ಹಾಕಿದ್ರೆ ನೈಟ್ರೋಜನ್ 7 ಗ್ರಾಂ ಆಗತ್ತೆ. ಚಳಿ ಹತ್ತಿರ ಬಂದಾಗ ಅಷ್ಟು ಕೊಟ್ರೆ ಎಲೆ ಎಳೇದಾಗಿ, ಮೆತ್ತಗೆ ನೀರು ತುಂಬ್ಕೊಂಡು ಬೆಳೆಯತ್ತೆ, ಅಂಥ ಎಲೆಗೇ ಫ್ಯುಸೇರಿಯಮ್ ಪ್ಯಾಚ್ ಅನ್ನೋ ಶಿಲೀಂಧ್ರ ರೋಗ ಬರೋದು. ಮೊದಲು ನಾಣ್ಯದಷ್ಟಗಲ ಕಿತ್ತಳೆ ಕಂದು ಮಚ್ಚೆ, ಆಮೇಲೆ ತಟ್ಟೆಯಷ್ಟಗಲ, ಒದ್ದೆ ಇದ್ದ ಬೆಳಿಗ್ಗೆ ಅಂಚಲ್ಲಿ ಹತ್ತಿ ಥರ ಬಿಳಿ ಎಳೆ ಕಾಣತ್ತೆ. ಹಾಗಂತ ನೈಟ್ರೋಜನ್ ಶತ್ರು ಅಲ್ಲ, ಬೇಸಿಗೆಲಿ ಸೊರಗಿರೋ ಲಾನ್‌ಗೆ ಎಲೆ ಉದುರೋ ಕಾಲದ ಶುರುವಲ್ಲಿ ಸ್ವಲ್ಪ ಕೊಟ್ರೆ ಚೇತರಿಸ್ಕೊಳತ್ತೆ, ತಡವಾಗಿ ಜಾಸ್ತಿ ಕೊಡೋದಷ್ಟೇ ಅಪಾಯ. ಅಳತೆಯ ಅರ್ಧ ಉದ್ದಕ್ಕೆ, ಇನ್ನರ್ಧ ಅಡ್ಡಕ್ಕೆ ಹಾಕಿದ್ರೆ ಪಟ್ಟೆ ಪಟ್ಟೆ ಬರಲ್ಲ. ಜೋರು ಮಳೆ ಬರೋ ಮುನ್ಸೂಚನೆ ಇದ್ರೆ ಹಾಕ್ಬೇಡಿ, ಕೊಚ್ಕೊಂಡು ಚರಂಡಿಗೆ, ಅಲ್ಲಿಂದ ಕೆರೆಗೆ ಹೋಗತ್ತೆ.

ಕಳೆಗೆ ಇದು ಒಳ್ಳೆ ಕಾಲ ಯಾಕಂದ್ರೆ ಡ್ಯಾಂಡೆಲಿಯನ್, ಪ್ಲಾಂಟೇನ್ ಥರದ ಬಹುವಾರ್ಷಿಕ ಅಗಲ ಎಲೆ ಕಳೆಗಳು ಚಳಿಗೆ ಮುಂಚೆ ಎಲೆಯಲ್ಲಿರೋ ಆಹಾರನ ಬೇರಿಗೆ ಇಳಿಸ್ತಿರತ್ತೆ, ಆವಾಗ ಎಲೆ ಮೇಲೆ ಬಿದ್ದ ಔಷಧಿನೂ ಅದರ ಜೊತೆಗೇ ಬೇರಿಗೆ ಹೋಗತ್ತೆ. ಆದ್ರೆ ಹತ್ತಿಪ್ಪತ್ತು ಗಿಡಕ್ಕೆ ಔಷಧಿ ಯಾಕೆ, ಮಳೆ ಬಂದ ಮಾರನೇ ದಿನ ಉದ್ದ ಮೊನೆಯ ಕಳೆ ಕೀಳೋ ಸಲಾಕೆ ಹಾಕಿ ಬೇರು ಸಮೇತ ಎತ್ತಿ, ಡ್ಯಾಂಡೆಲಿಯನ್ ಬೇರು ಅರ್ಧ ಉಳಿದ್ರೆ ಅಲ್ಲಿಂದಲೇ ಮತ್ತೆ ಚಿಗುರತ್ತೆ. ಔಷಧಿ ಹೊಡೀಲೇಬೇಕು ಅಂದ್ರೆ ಗಾಳಿ ಇಲ್ಲದ ಒಣ ದಿನ ನೋಡಿ, ಕಳೆ ಇರೋ ಕಡೆ ಮಾತ್ರ ಹೊಡೀರಿ, ಹೊಡೆಯೋಕೆ ಎರಡು ಮೂರು ದಿನ ಮುಂಚೆ, ಆಮೇಲೂ ಅಷ್ಟೇ ದಿನ ಹುಲ್ಲು ಕತ್ತರಿಸ್ಬೇಡಿ, ಆ ಹುಲ್ಲನ್ನ ಕಾಂಪೋಸ್ಟ್‌ಗೂ ಹಾಕ್ಬೇಡಿ. ಮುಖ್ಯವಾಗಿ, ಕಳೆನಾಶಕ ಮತ್ತು ಹೊಸ ಬೀಜ ಒಟ್ಟಿಗೆ ಆಗಲ್ಲ, ಎಷ್ಟು ವಾರ ಬಿಡ್ಬೇಕು ಅನ್ನೋದು ಲೇಬಲ್ ಮೇಲೆ ಇರತ್ತೆ, ಸಮಯ ಸಾಲಲ್ಲ ಅಂದ್ರೆ ನಾನಂತೂ ಬೀಜನೇ ಆರಿಸ್ಕೊಳ್ತೀನಿ, ಕಳೆನ ವಸಂತಕ್ಕೆ ನೋಡ್ಕೋಬಹುದು. ಇನ್ನು ಬಿಳಿ ಕ್ಲೋವರ್ ತುಂಬಾ ಇದ್ರೆ ನೆಲದಲ್ಲಿ ನೈಟ್ರೋಜನ್ ಕಡಿಮೆ ಇದೆ ಅಂತ ತಿಳ್ಕೊಳಿ, ಅದು ಗಾಳಿಯಿಂದ ನೈಟ್ರೋಜನ್ ಹಿಡಿದು ಬದುಕೋ ಗಿಡ, ಜೇನಿಗೂ ಬೇಕು, ಇದ್ರೆ ಇರ್ಲಿ ಬಿಡಿ ಅಂತಾನೇ ನಾನು ಹೇಳೋದು.

ಉದುರಿದ ಎಲೆ ಒದ್ದೆಯಾಗಿ ಚಾಪೆ ಥರ ಕೂರೋಕೆ ಬಿಡ್ಬೇಡಿ, ಕೆಳಗಿನ ಹುಲ್ಲು ಬೆಳಕಿಲ್ಲದೆ ಹಳದಿ ಆಗತ್ತೆ. ತೆಳ್ಳಗೆ ಬಿದ್ದಿದ್ರೆ ಒಣಗಿದಾಗ ಮೋವರ್ ಓಡಿಸಿ ಪುಡಿ ಮಾಡಿ ಅಲ್ಲೇ ಬಿಡ್ಬಹುದು, ಕೊಳೆತು ಮಣ್ಣಿಗೆ ಸೇರತ್ತೆ, ಆದ್ರೆ ಹೊಸ ಬೀಜ ಹಾಕಿರೋ ಕಡೆ ಕೈಯಲ್ಲೇ ತೆಗೀರಿ. ಮೋವರ್ ಎತ್ತರನ ಒಂದು ಹಂತ ಏರಿಸಿ, ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸ್ಬೇಡಿ, ಹುಲ್ಲು ಬೆಳೀತಿರೋವರೆಗೂ ಕತ್ತರಿಸ್ತಾ ಇರಿ. ಎರೆಹುಳು ಹಾಕಿರೋ ಮಣ್ಣಿನ ಗುಪ್ಪೆ ಕಂಡ್ರೆ ಒಣಗಿದ್ಮೇಲೆ ಗುಡಿಸಿ, ಒದ್ದೆ ಇದ್ದಾಗ ತುಳಿದ್ರೆ ಅಲ್ಲಿ ಹುಲ್ಲು ಮುಚ್ಚಿಹೋಗಿ ಕಳೆ ಬೀಜಕ್ಕೆ ಜಾಗ ಆಗತ್ತೆ. ಹಿಮ ಕಟ್ಟಿರೋ ಬೆಳಿಗ್ಗೆ ಲಾನ್ ಮೇಲೆ ಯಾರನ್ನೂ ಓಡಾಡೋಕೆ ಬಿಡ್ಬೇಡಿ, ಎಲೆ ಒಳಗಿನ ನೀರು ಹೆಪ್ಪುಗಟ್ಟಿರತ್ತೆ, ತುಳಿದ್ರೆ ಜೀವಕೋಶ ಒಡೆದು ಹೆಜ್ಜೆ ಬಿದ್ದಲ್ಲೆಲ್ಲಾ ಕಂದಾಗತ್ತೆ, ಬಿಸಿಲು ಬಂದು ಹಿಮ ಕರಗೋವರೆಗೆ ಕಾಯಿರಿ.